ಕುರ್ಚಿ ನೋಡಿ ನಗುವುದು

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ನಿನ್ನೆ ಇದೇ ಹಾಲ್‌ನಲ್ಲಿ ಸಿನಿಮಾ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: 'ಸಾರ್, ಆ ತೊದಲುವ ಅಡುಗೆಯವನನ್ನು ನೋಡಿ ಎಲ್ಲರೂ ನಕ್ಕರಲ್ಲ, ಅದೂ ವಿಡಂಬನೆ ತಾನೇ?' ಹೊತ್ತಾಗಿತ್ತು, ಉತ್ತರ ಹೇಳಲಿಲ್ಲ. ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು. ಬಂದಿದ್ದೀಯಾಪ್ಪ? ಹಾಂ, ಕೊನೇ ಸಾಲು. ಇವತ್ತಿನ ಮಾತೆಲ್ಲ ನಿನಗೇ ಅಂತ ಇಟ್ಕೋ.

ಅದು ವಿಡಂಬನೆ ಅಲ್ಲ. ತೊದಲುವವನು ಬೇಕು ಅಂತ ತೊದಲುವುದಿಲ್ಲ. ಅವನು ಯಾರನ್ನೂ ಹೆದರಿಸಿಲ್ಲ, ಯಾರಿಗೂ ಮೋಸ ಮಾಡಿಲ್ಲ. ಅವನನ್ನು ನೋಡಿ ನಕ್ಕು ಮನೆಗೆ ಹೋದರೆ ಹೊಸದಾಗಿ ನಮಗೆ ಏನು ಗೊತ್ತಾಯಿತು? ನಾನು ಎಲ್ಲ ಕಡೆ ಹೇಳುವುದು ಒಂದೇ ಮಾತು. ನಗು ಬಂದಾಗ ಕುರ್ಚಿ ನೋಡಿ. ನಗೆಗೆ ಸಿಕ್ಕಿಹಾಕಿಕೊಂಡವನು ಅಧಿಕಾರದ ಕುರ್ಚಿಯ ಮೇಲಿದ್ದಾನಾ, ನೆಲದ ಮೇಲಿದ್ದಾನಾ ನೋಡಿ.

ಚಾಪ್ಲಿನ್ನನ 'ದಿ ಗ್ರೇಟ್ ಡಿಕ್ಟೇಟರ್' ನಿಮಗೆಲ್ಲ ಗೊತ್ತು. ಚಾಪ್ಲಿನ್ ಮತ್ತು ಹಿಟ್ಲರ್ ಹುಟ್ಟಿದ್ದು 1889ರ ಏಪ್ರಿಲ್‌ನಲ್ಲಿ, ನಾಲ್ಕೇ ದಿನದ ಅಂತರದಲ್ಲಿ. ಇಬ್ಬರಿಗೂ ಅದೇ ಚೋಟು ಮೀಸೆ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು, ಅದೇ ತಿಂಗಳು ಚಿತ್ರೀಕರಣವೂ ಶುರುವಾಯಿತು. 1940ರಲ್ಲಿ ಸಿನಿಮಾ ಬಿಡುಗಡೆಯಾದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಹಿಟ್ಲರ್ ಗೆಲ್ಲುತ್ತಿದ್ದ ಕಾಲ ಅದು. ಸೋತವನನ್ನು ಅಣಕಿಸುವುದು ಸುಲಭ. ಗೆಲ್ಲುತ್ತಿರುವವನ ಮುಂದೆ ನಿಂತು ನಗುವುದಕ್ಕೆ ಎದೆ ಬೇಕು.

ಈಗ ನಮ್ಮಜ್ಜಿಯ ಕಥೆ. ಕೆಲವರು ಕೇಳಿದ್ದೀರಿ, ಇನ್ನೊಂದು ಸಲ ಕೇಳಿ. ವಿಸಿಆರ್ ಬಾಡಿಗೆಗೆ ತರುತ್ತಿದ್ದ ಕಾಲ. ಮನೆಯ ಹಾಲ್‌ನಲ್ಲಿ ನಾನು ಈ ಸಿನಿಮಾ ಹಾಕಿಕೊಂಡು ಕೂತಿದ್ದೆ. ಅಜ್ಜಿ ಪಕ್ಕದಲ್ಲಿ ಪಾತ್ರೆ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಇಂಗ್ಲಿಷ್ ಬಾರದು. ಹಿಟ್ಲರ್ ಯಾರೋ, ಮುಸೊಲಿನಿ ಯಾರೋ ಗೊತ್ತಿಲ್ಲ. ತೆರೆಯ ಮೇಲೆ ಸರ್ವಾಧಿಕಾರಿ ಹಿಂಕೆಲ್‌ನ (ಅಂದರೆ ಹಿಟ್ಲರನ ಅಣಕು, ಚಾಪ್ಲಿನ್ನನೇ ಮಾಡಿದ ಪಾತ್ರ) ಮನೆಗೆ ಇನ್ನೊಬ್ಬ ಸರ್ವಾಧಿಕಾರಿ ನೆಪಲೋನಿ, ಅಂದರೆ ಇಟಲಿಯ ಮುಸೊಲಿನಿಯ ಅಣಕು, ಬರುತ್ತಾನೆ. ಅವನಿಗೆ ಬೇಕೆಂದೇ ಗಿಡ್ಡ ಕುರ್ಚಿ ಹಾಕಿಸಿದ್ದಾರೆ, ಕತ್ತೆತ್ತಿ ಮಾತಾಡಲಿ ಅಂತ. ಅವನೋ, ಎದ್ದು ಹೋಗಿ ಸೀದಾ ಮೇಜಿನ ಮೇಲೇ ಕೂರುತ್ತಾನೆ! ಆಮೇಲೆ ಇಬ್ಬರೂ ಕ್ಷೌರಕ್ಕೆ ಕೂರುತ್ತಾರೆ. ಒಬ್ಬ ತನ್ನ ಕುರ್ಚಿಯನ್ನು ಸ್ವಲ್ಪ ಮೇಲೆತ್ತುತ್ತಾನೆ. ಇನ್ನೊಬ್ಬ ಇನ್ನೂ ಸ್ವಲ್ಪ. ಮಾತು ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ನಡೀತಾನೇ ಇದೆ. ಕುರ್ಚಿಗಳು ಚಾವಣಿ ಕಡೆ ಹೋಗ್ತಾನೇ ಇವೆ.

ಅಜ್ಜಿ ಕಾಳು ಬಿಟ್ಟು ತಲೆ ಎತ್ತಿ ಕೇಳಿದಳು: 'ಇವರಿಬ್ರೂ ಬೀಗರೇನೋ?'

ನೋಡಿ, ನೀವೂ ನಕ್ಕಿರಿ. ಬರ್ಲಿನ್ನಿಗೂ ರೋಮಿಗೂ ನಡುವಿನ ಸಂಬಂಧವನ್ನು ಅವಳು ಎರಡೇ ಪದದಲ್ಲಿ ಹೇಳಿಬಿಟ್ಟಳು. ಆಮೇಲೆ ತನ್ನ ಮದುವೆಯ ಕಥೆ ತೆಗೆದಳು. ಗಂಡಿನ ಕಡೆಯ ದೊಡ್ಡಪ್ಪನಿಗೆ ಕೈ ಇರುವ ಕುರ್ಚಿ ಕೊಟ್ಟರಂತೆ, ಹೆಣ್ಣಿನ ಕಡೆಯ ಸೋದರಮಾವನಿಗೆ ಕೈ ಇಲ್ಲದ್ದು. ಸೋದರಮಾವ ಕೂರಲೇ ಇಲ್ಲವಂತೆ. ಧಾರೆ ಮುಗಿದರೂ ನಿಂತೇ ಇದ್ದನಂತೆ. ಕೊನೆಗೆ ಯಾರೋ ಓಡಿಹೋಗಿ ಶಾಲೆಯಿಂದ ಮೇಷ್ಟ್ರ ಕುರ್ಚಿ ಹೊತ್ತು ತಂದರಂತೆ. ಅದು ದೊಡ್ಡಪ್ಪನ ಕುರ್ಚಿಗಿಂತ ಎತ್ತರ. ಈಗ ದೊಡ್ಡಪ್ಪ ಎದ್ದು ನಿಂತರಂತೆ! ಅರ್ಧ ಶತಮಾನ ಕಳೆದಿತ್ತು, ಅಜ್ಜಿ ಅದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಸಿನಿಮಾದ ವಿಡಂಬನೆ ಕೆಲಸ ಮಾಡುವುದು ಹೀಗೆ. ದೊಡ್ಡದಾಗಿ ಕಾಣುವುದನ್ನು ನಮಗೆ ಗೊತ್ತಿರುವ ಅಳತೆಗೆ ಇಳಿಸುತ್ತದೆ. ಲೇಖನದಲ್ಲಿ 'ಇವನು ಅಹಂಕಾರಿ' ಅಂತ ಬರೆಯಬಹುದು. ಕ್ಯಾಮೆರಾ ಹಾಗೆ ಬರೆಯಲಾರದು, ಅದಕ್ಕೆ ತೋರಿಸಲು ಏನಾದರೂ ಬೇಕು. ಅದಕ್ಕೇ ವಸ್ತುಗಳು ಮಾತಾಡುತ್ತವೆ. ಹಿಂಕೆಲ್ ಭಾಷಣದಲ್ಲಿ ಅರಚುತ್ತಾನೆ, ಮೈಕ್ ಹೆದರಿ ಹಿಂದಕ್ಕೆ ಬಾಗುತ್ತದೆ. ಇಡೀ ದೇಶ ಅವನ ಮಾತು ಕೇಳುತ್ತದೆ, ಮೇಜಿನ ಮೇಲಿನ ಪೆನ್ನು ಕೇಳುವುದಿಲ್ಲ. ಸ್ಟ್ಯಾಂಡಿನಿಂದ ಹೊರಗೇ ಬರುವುದಿಲ್ಲ. ಅಧಿಕಾರ ಮನುಷ್ಯರ ಮೇಲೆ ನಡೆಯುತ್ತದೆ, ಪೆನ್ನಿನ ಮೇಲೆ ನಡೆಯುವುದಿಲ್ಲ ಅಲ್ವಾ?

ಇದು ನಮಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ರಾಜ ಕಿರೀಟ ಹೊತ್ತು ರಂಗಕ್ಕೆ ಬರುತ್ತಾನೆ. ಹಾಸ್ಯಗಾರ ದೂತನಾಗಿ ಬಂದು ಒಂದು ಪೆದ್ದು ಪ್ರಶ್ನೆ ಕೇಳುತ್ತಾನೆ, ಅಷ್ಟೇ. ಕಿರೀಟ ತಲೆಯ ಮೇಲೇ ಇರುತ್ತದೆ, ಅದರ ತೂಕ ಮಾತ್ರ ನಮಗೆಲ್ಲ ಗೊತ್ತಾಗಿಬಿಡುತ್ತದೆ. ಜನ ಕೂಡಿ ನಕ್ಕಾಗ ಹೆದರಿಕೆ ಸ್ವಲ್ಪ ಸಡಿಲವಾಗುತ್ತದೆ. ಒಬ್ಬರೇ ಮೊಬೈಲ್‌ನಲ್ಲಿ ನೋಡಿ ನಗುವುದಕ್ಕಿಂತ ಈ ಹಾಲ್‌ನಲ್ಲಿ ಕೂತು ನಗುವುದು ಬೇರೆ ಅಂತ ನಾನು ಜಗಳವಾಡುವುದು ಇದಕ್ಕೇ.

ಅನುವಾದಕನ ದೃಶ್ಯ ಹೇಳಲೇಬೇಕು. ಹಿಂಕೆಲ್ ಯಹೂದಿಗಳ ಬಗ್ಗೆ ವಿಷ ಕಾರುತ್ತಾನೆ. ಜರ್ಮನ್ ಥರ ಕೇಳುವ, ಅರ್ಥವಿಲ್ಲದ ಶಬ್ದಗಳು. ಮುಖ ಸೊಟ್ಟ, ಮುಷ್ಟಿ ಬಿಗಿ. ಅನುವಾದಕ ತಣ್ಣಗೆ ಹೇಳುತ್ತಾನೆ: ಮಹಾಪ್ರಭುಗಳು ಈಗ ಯಹೂದಿ ಜನರ ಬಗ್ಗೆ ಪ್ರಸ್ತಾಪಿಸಿದರು. ಅಷ್ಟೇ! ಇಲ್ಲಿ ಪೆಟ್ಟು ಬಿದ್ದಿದ್ದು ಹಿಂಕೆಲ್‌ಗೆ ಮಾತ್ರವಲ್ಲ. ದ್ವೇಷವನ್ನು ಇಸ್ತ್ರಿ ಮಾಡಿ ಸಭ್ಯ ಭಾಷೆಯಲ್ಲಿ ಮಡಚಿಡುವ ಎಲ್ಲರಿಗೂ ಬಿದ್ದಿದೆ. ನನಗೆ ಇಡೀ ಸಿನಿಮಾದಲ್ಲಿ ಅತಿ ಭಯ ಹುಟ್ಟಿಸುವವನು ಆ ಅನುವಾದಕ.

ಚೀಟಿ ಬಂತು. ಹತ್ತು ನಿಮಿಷ ಅಂದಿದ್ದರು, ಈಗ ಐದು ಅಂತಿದ್ದಾರೆ. ಚಾಪ್ಲಿನ್ನನದೇ 'ಮಾಡರ್ನ್ ಟೈಮ್ಸ್' ಬಗ್ಗೆ ಜಾಸ್ತಿ ಹೇಳಬೇಕಿತ್ತು. ಕಾರ್ಮಿಕನ ಊಟದ ಸಮಯ ಉಳಿಸಲು ಅವನಿಗೆ ತುತ್ತು ತಿನ್ನಿಸುವ ಯಂತ್ರ ತರುತ್ತಾರಲ್ಲ, ಅಲ್ಲೂ ಕುರ್ಚಿ ನೋಡಿ. ಪೆಟ್ಟು ತಿನ್ನುವವನು ಕಾರ್ಮಿಕ, ಆದರೆ ನಗೆಪಾಟಲಾಗುವುದು ಆ ಯಂತ್ರ ತರಿಸಿದ ಲೆಕ್ಕಾಚಾರ. ನಮ್ಮ 'ಉದ್ಭವ', 1990ರದ್ದು, ಕೋಡ್ಲು ರಾಮಕೃಷ್ಣ ಅವರ ನಿರ್ದೇಶನ. ರಸ್ತೆ ಅಗಲ ಮಾಡುವ ಗಲಾಟೆಯ ನಡುವೆ ನೆಲದಿಂದ ಗಣೇಶ ಉದ್ಭವವಾಗುತ್ತಾನೆ. ದೇವರನ್ನೂ ಗೇಲಿ ಮಾಡುವುದಿಲ್ಲ, ಕೈ ಮುಗಿಯುವವರನ್ನೂ ಮಾಡುವುದಿಲ್ಲ. ಅನಂತನಾಗ್ ಅವರ ರಾಘಣ್ಣ ಎಷ್ಟು ಲವಲವಿಕೆಯ ಮನುಷ್ಯ ಅಂದರೆ, ಅವನೇ ಮೋಸ ನಡೆಸುತ್ತಿರುವಾಗಲೂ ನಾವು ಅವನ ಪಕ್ಷವೇ ಆಗಿಬಿಡುತ್ತೇವೆ. ಅದೇ ಆ ಸಿನಿಮಾದ ಜಾಣತನ.

ಕೊನೆಯದಾಗಿ, ನಗುವಿನಿಂದ ಹಿಟ್ಲರ್ ನಿಂತನಾ? ನಿಲ್ಲಲಿಲ್ಲ. ಸೆರೆಶಿಬಿರಗಳ ನಿಜವಾದ ಭೀಕರತೆ ಗೊತ್ತಿದ್ದಿದ್ದರೆ ಈ ಸಿನಿಮಾ ಮಾಡಲು ತನ್ನಿಂದ ಆಗುತ್ತಿರಲಿಲ್ಲ ಅಂತ ಚಾಪ್ಲಿನ್ನೇ 1964ರ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಮಾತು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆದರೂ ಅವನು ಮಾಡಿದ್ದು ಒಳ್ಳೆಯದಾಯಿತು ಅಂತಲೇ ನನ್ನ ನಂಬಿಕೆ.

ಯಾಕೆಂದರೆ ಆ ಗ್ಲೋಬಿನ ದೃಶ್ಯವಿದೆ. ಹಿಂಕೆಲ್ ಭೂಮಿಯ ಬಲೂನನ್ನು ಎತ್ತಿ, ತಟ್ಟಿ, ಕುಣಿಯುತ್ತಾನೆ. ಎಷ್ಟು ಚೆಂದವಾಗಿ ಕುಣಿಯುತ್ತಾನೆ! ಆಮೇಲೆ ಅದು ಮುಖದ ಮೇಲೇ ಒಡೆಯುತ್ತದೆ, ಮಗುವಿನ ಹಾಗೆ ಅಳುತ್ತಾನೆ. ಅಲ್ಲಿಯವರೆಗೂ ನಗುತ್ತಿದ್ದ ಅಜ್ಜಿ ಸುಮ್ನಾದಳು. ಕೈಯಲ್ಲಿ ಕಾಳು ಹಾಗೇ ಇತ್ತು. 'ಅದರಲ್ಲಿ ನಮ್ಮೂರೂ ಇತ್ತಲ್ವೇನೋ?' ಅಂದಳು.

ದೀಪ ಆರಿಸಿಬಿಡಿ. ಕುರ್ಚಿಯ ದೃಶ್ಯವನ್ನೇ ಮೊದಲು ಹಾಕೋಣ. ಮುಂದೆ ನಿಂತಿರುವ ಮಕ್ಕಳು ಸ್ವಲ್ಪ ಕೆಳಗೆ ಕೂತ್ಕೊಳ್ಳಿ, ಹಿಂದಿನವರಿಗೂ ಕಾಣಬೇಕು.