ಗ್ರೌಸ್ ಬೇಟೆಗಾರನಿಗೆ ವಯಸ್ಸಾಯಿತು

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ಗ್ರೌಸ್ ಹಕ್ಕಿಯ ಬೇಟೆಗಾರರು ಕಡಿಮೆಯಾಗುತ್ತಿದ್ದಾರೆಯೇ ಅನ್ನೋದು ಈ ಹೊತ್ತಿನ ವಿಷಯ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೌದು, ಕಡಿಮೆಯಾಗುತ್ತಿದ್ದಾರೆ. ಬೇಟೆಗಾರನಿಗೆ ವಯಸ್ಸಾಯಿತು, ಅವನ ಹಿಂದೆ ಹುಡುಗರು ಬರಲಿಲ್ಲ. ಇನ್ನು ನಾನು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಇಲ್ಲಿಗೇ ಬರುತ್ತೇನೆ.

ಗ್ರೌಸ್ ನಮ್ಮ ಕೋಳಿ, ನವಿಲು, ಗೌಜಲಹಕ್ಕಿಗಳ ಕುಲದ್ದೇ. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು, ಮೈಯೆಲ್ಲ ತರಗೆಲೆಯ ಬಣ್ಣ. ಕಾಲ ಬುಡದಿಂದ ಭರ್ರನೆ ಎದ್ದು ಹೋದ ಮೇಲೇ ಅದು ಅಲ್ಲಿತ್ತು ಅಂತ ಗೊತ್ತಾಗೋದು. ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್ ರಾಜ್ಯಗಳ ಉತ್ತರದ ಕಾಡುಗಳಲ್ಲಿ ಇದು ಹೆಚ್ಚು. ಅಲ್ಲಿ ಇದರ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಂದು ಸುತ್ತಿನಂತೆ ಏರಿ ಇಳಿಯುತ್ತೆ. ಹಿಂದೆಲ್ಲ ಹಕ್ಕಿ ಏರಿದ ವರ್ಷ ಬೇಟೆಗಾರರೂ ಏರುತ್ತಿದ್ದರು. ಈಗ ಹಕ್ಕಿ ಏರುತ್ತೆ, ಬೇಟೆಗಾರರು ಮೊದಲಿನಷ್ಟು ಬರೋದಿಲ್ಲ. ಯಾಕೆ? ವಯಸ್ಸು, ಸ್ವಾಮಿ, ವಯಸ್ಸು!

ಮಿನ್ನೆಸೋಟದಲ್ಲಿ ಒಂದು ವಸಂತಕಾಲ ನಾನು ಈ ಹಕ್ಕಿಯ ಎಣಿಕೆಗೆ ಹೋಗಿದ್ದೆ. ಕಾಡುದಾರಿಯಲ್ಲಿ ಹತ್ತು ಕಡೆ ಗಾಡಿ ನಿಲ್ಲಿಸಬೇಕು, ಒಂದೊಂದು ಕಡೆ ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಕೇಳಬೇಕು. ಜೊತೆಗಿದ್ದವರು ಎಪ್ಪತ್ತು ದಾಟಿದ ಒಬ್ಬ ಬೇಟೆಗಾರರು. ಮೊದಲ ನಿಲ್ದಾಣದಲ್ಲೇ ದೂರದಿಂದ ಬುಡ್... ಬುಡ್... ಬುಡ್ ಬುಡ್ ಬುಡುಬುಡುಬುಡು ಅಂತ ಸದ್ದು. ನಮ್ಮ ಹೊಲದ ಡೀಸೆಲ್ ಪಂಪ್‌ಸೆಟ್ ಸ್ಟಾರ್ಟ್ ಆದ ಹಾಗೇ! “ಇಷ್ಟು ಬೆಳಿಗ್ಗೆ ಯಾರು ಮೋಟರ್ ಹಾಕಿದ್ದು?” ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ನಕ್ಕರು. ಅದು ಗಂಡು ಗ್ರೌಸ್. ಬಿದ್ದ ಮರದ ದಿಮ್ಮಿ ಹತ್ತಿ ನಿಂತು, ರೆಕ್ಕೆಯಿಂದ ಗಾಳಿಯನ್ನೇ ಬಡಿದು ಹೆಣ್ಣನ್ನು ಕರೆಯುತ್ತೆ.

ಅಕ್ಟೋಬರಿನಲ್ಲಿ ಬೇಟೆ ನೋಡೋಕೆ ಬಾ ಅಂದರು, ಹೋದೆ. ನಾಯಿಯ ಕೊರಳಿಗೆ ಒಂದು ಗಂಟೆ. ಪೊದೆಯೊಳಗೆ ಅದು ಎಲ್ಲಿದೆ ಅಂತ ಕಣ್ಣಿಗೆ ಕಾಣೋದಿಲ್ಲ, ಗಂಟೆ ಕೇಳುತ್ತಾ ನಡೆಯೋದು. ನಮ್ಮಲ್ಲಿ ಮೇಯೋಕೆ ಬಿಟ್ಟ ಹಸುವಿನ ಗಂಟೆ ನಿಂತರೆ ಎದೆ ಧಸಕ್ ಅನ್ನುತ್ತಲ್ಲ, ಅಲ್ಲಿ ಗಂಟೆ ನಿಂತರೆ ಖುಷಿ. ನಾಯಿ ಹಕ್ಕಿಯ ವಾಸನೆ ಹಿಡಿದು ಕಲ್ಲಿನ ಹಾಗೆ ನಿಂತಿದೆ ಅಂತ ಅರ್ಥ. ಆ ದಿನ ಎರಡು ಸಲ ಗಂಟೆ ನಿಂತಿತು. ಎರಡು ಸಲವೂ ಹಕ್ಕಿ ಎದ್ದಿತು, ಎರಡು ಸಲವೂ ಗುಂಡು ಮರಕ್ಕೆ ಬಡಿಯಿತು. ಬರಿಗೈಯಲ್ಲಿ ವಾಪಸ್ ಬಂದೆವು. ಕಾಡಂಚಿನಲ್ಲಿ ನಿಂತಿದ್ದದ್ದು ಅವರದೊಂದೇ ಗಾಡಿ. “ಮೊದಲು ಇಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗ್ತಿರಲಿಲ್ಲ” ಅಂದರು. ಮೊಮ್ಮಗ ಬರೋಲ್ವಾ ಅಂತ ಕೇಳಿದೆ. ಅವನಿಗೆ ಶನಿವಾರ ಐಸ್ ಹಾಕಿ ಪ್ರಾಕ್ಟೀಸು. ಈ ನಾಯಿಗೂ ವಯಸ್ಸಾಯ್ತು, ಇನ್ನೊಂದು ಮರಿ ತರ್ತೀರಾ ಅಂದೆ. ನಾಯಿಯ ಕಿವಿಯಿಂದ ಮುಳ್ಳುಕಾಯಿ ಬಿಡಿಸುತ್ತಾ ತಲೆ ಅಲ್ಲಾಡಿಸಿದರು: “ಬೇಡ. ಅದು ನನಗಿಂತ ಹೆಚ್ಚು ದಿನ ಇರುತ್ತೆ.”

ಇಂಥವರು ಊರೂರಲ್ಲಿ ಇದ್ದಾರೆ. 1946ರಿಂದ 1964ರ ನಡುವೆ ಹುಟ್ಟಿದ ದೊಡ್ಡ ಪೀಳಿಗೆ ಬಂದೂಕು ಕೆಳಗಿಡುತ್ತಿದೆ. ಅಮೆರಿಕದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ 2011ರಲ್ಲಿ ಎಲ್ಲ ಬಗೆಯ ಬೇಟೆಗಾರರು ಸೇರಿ 1 ಕೋಟಿ 37 ಲಕ್ಷ ಇದ್ದರು. 2016ಕ್ಕೆ 1 ಕೋಟಿ 15 ಲಕ್ಷ. ಜಿಂಕೆ ಬೇಟೆಯನ್ನು ಮರದ ಮೇಲಿನ ಮಂಚದಲ್ಲಿ ಕೂತೂ ಆಡಬಹುದು. ಗ್ರೌಸ್‌ಗೆ ದಿನವಿಡೀ ಪೊದೆ ನುಗ್ಗಬೇಕು, ಮಂಡಿ ಗಟ್ಟಿ ಇರಬೇಕು, ಜೊತೆಗೊಬ್ಬ ಕಲಿಸುವವ ಬೇಕು.

“ಕೊಲ್ಲೋರು ಕಮ್ಮಿಯಾದರೆ ಒಳ್ಳೇದೇ ಅಲ್ವಾ?” ಮಕ್ಕಳು ಅಮೆರಿಕದಲ್ಲಿರುವ ನನ್ನ ನೆಂಟರೆಲ್ಲ ಕೇಳೋದು ಇದನ್ನೇ. ಕೇಳಿ ಕೇಳಿ ನನಗೆ ಸಾಕಾಗಿದೆ, ಕ್ಷಮಿಸಿ. ಬೇಟೆಯನ್ನು ನಿಷೇಧಿಸುವ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿನಿಂದ ಆ ಕಾಡನ್ನು ನೋಡಬೇಡಿ. ಅಲ್ಲಿ 1937ರಿಂದ ಒಂದು ಕಾನೂನಿದೆ: ಬೇಟೆ ಬಂದೂಕು, ತೋಟಾಗಳ ಮೇಲೆ ಶೇಕಡ 11 ತೆರಿಗೆ. ಆ ದುಡ್ಡು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತೆ. ಹಂಚುವಾಗ ಅರ್ಧ ಲೆಕ್ಕ ರಾಜ್ಯದ ವಿಸ್ತೀರ್ಣದ್ದು, ಇನ್ನರ್ಧ ಲೈಸೆನ್ಸ್ ಪಡೆದ ಬೇಟೆಗಾರರ ಸಂಖ್ಯೆಯದ್ದು. ಬೇಟೆಗಾರ ಮನೆಯಲ್ಲಿ ಕೂತರೆ ಲೈಸೆನ್ಸಿನ ದುಡ್ಡೂ ಹೋಯ್ತು, ತೆರಿಗೆಯ ಪಾಲೂ ಇಳೀತು.

ದುಡ್ಡು ಯಾಕೆ ಬೇಕು ಅಂದರೆ, ಗ್ರೌಸ್‌ಗೆ ಎಳೆಯ ಕಾಡು ಬೇಕು. ಆಸ್ಪೆನ್ ಮರ ಕಡಿದ ಮೇಲೆ ಬೇರಿನಿಂದ ಒತ್ತಾಗಿ ಚಿಗುರುವ ಕಾಡು. ಮುದಿ ಕಾಡಿನಲ್ಲಿ ಅದಕ್ಕೆ ಅಡಗಲು ಮರೆ ಇಲ್ಲ. ಹೀಗೆ ಕಡಿದು ಎಳೆಯ ಕಾಡು ಬೆಳೆಸೋಕೇ ಇಲಾಖೆಗೆ ದುಡ್ಡು ಬೇಕು. ಇಂಡಿಯಾನದಲ್ಲಿ ಕಾಡು ಮುದಿಯಾಯಿತು. 2015ರಲ್ಲಿ ಗ್ರೌಸ್ ಬೇಟೆ ನಿಲ್ಲಿಸಿದರು. ಬೇಟೆ ನಿಂತರೆ ಹಕ್ಕಿ ಹೆಚ್ಚಬೇಕಿತ್ತಲ್ಲ? 2020ರಲ್ಲಿ ಅದನ್ನು ಆ ರಾಜ್ಯದ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಪೆನ್ಸಿಲ್ವೇನಿಯದ್ದು ಬೇರೆಯೇ ಕಥೆ. ಗ್ರೌಸ್ ಅಲ್ಲಿಯ ರಾಜ್ಯಪಕ್ಷಿ, ಅದಕ್ಕೆ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ರೋಗ ಬಡಿದಿದೆ. ಅದನ್ನು ಬಿಡಿಸಿ ಹೇಳಬೇಕಿತ್ತು, ಆದರೆ ಕೊಟ್ಟ ಸಮಯವನ್ನೆಲ್ಲ ಆ ಹಿರಿಯರು ಮತ್ತು ಅವರ ನಾಯಿ ನುಂಗಿಬಿಟ್ಟರು. ಮತ್ತೆ ಕರೆದರೆ ಸೊಳ್ಳೆಯಿಂದಲೇ ಶುರು ಮಾಡುತ್ತೇನೆ. ನಮಸ್ಕಾರ.