ಎರಕದ ಅಲ್ಯೂಮಿನಿಯಂ ಮೈಕ್: ಬಾಡಿ ಮಾಡುವಾಗ ಏನೇನು ಯೋಚಿಸಬೇಕು?

[ದೃಶ್ಯ: ಮೇಜಿನ ಮೇಲೆ ಮೈಕಿನ ಎರಡು ಹೋಳು, ಪಕ್ಕದಲ್ಲಿ ಕ್ಯಾಪ್ಸೂಲ್]

ನಮಸ್ಕಾರ. ಇವತ್ತು ಎರಕ ಹೊಯ್ದ ಅಲ್ಯೂಮಿನಿಯಂ ಬಾಡಿಯ ಕಂಡೆನ್ಸರ್ ಮೈಕ್ ಮಾಡೋಣ. ಶಬ್ದ ಹಿಡಿಯುವ ಕ್ಯಾಪ್ಸೂಲ್, ಸರ್ಕ್ಯೂಟ್ ಬೋರ್ಡ್ ಎರಡೂ ಕೊಂಡದ್ದು. ಬಾಡಿ ಮಾತ್ರ ನಮ್ಮದು. "ಅದು ಬರೀ ಡಬ್ಬಿ ತಾನೇ, ಪಿವಿಸಿ ಪೈಪ್ ಸಾಲದಾ?" ಅಂತ ಕೇಳಬಹುದು. ಸಾಲದು.

[ಚಿತ್ರ: ಕ್ಯಾಪ್ಸೂಲಿನ ಒಳಭಾಗ]

ಕ್ಯಾಪ್ಸೂಲಿನಲ್ಲಿ ಚಿನ್ನ ಲೇಪಿಸಿದ ಪ್ಲಾಸ್ಟಿಕ್ ಪೊರೆ ಇದೆ, ದಪ್ಪ ಕೆಲವೇ ಮೈಕ್ರಾನ್. ಅದರ ಹಿಂದೆ ಲೋಹದ ತಟ್ಟೆ. ಮಾತಾಡಿದಾಗ ಪೊರೆ ಅಲುಗುತ್ತದೆ, ಅಂತರ ಬದಲಾಗುತ್ತದೆ, ವೋಲ್ಟೇಜ್ ಏರಿಳಿಯುತ್ತದೆ. ಈ ಸಿಗ್ನಲ್ ತುಂಬಾ ದುರ್ಬಲ. ಅದು ಸೋರಿಹೋಗದಿರಲು ಸರ್ಕ್ಯೂಟಿನಲ್ಲಿ ಒಂದು ಗಿಗಾಓಮ್, ಅಂದರೆ 100 ಕೋಟಿ ಓಮ್ ರೆಸಿಸ್ಟರ್ ಹಾಕುತ್ತಾರೆ. ಇಂಥ ಜಾಗಕ್ಕೆ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್ ಶಬ್ದ ಸಲೀಸಾಗಿ ನುಗ್ಗುತ್ತದೆ. ಸುತ್ತ ಗ್ರೌಂಡ್ ಆದ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ವೈರಿಗೆ ಜೋಡಿಸಿದ, ಲೋಹ ಇದ್ದರೆ ಅದು ಹೊರಗೇ ನಿಲ್ಲುತ್ತದೆ. ಪಿವಿಸಿಗೆ ಆ ಶಕ್ತಿ ಇಲ್ಲ.

ಜರ್ಮನಿಯ ನಾಯ್ಮನ್ ಕಂಪನಿ 1928ರಲ್ಲಿ ತಂದ ಸಿಎಂವಿ 3 ಮೈಕನ್ನು ಜನ 'ಬಾಟಲಿ' ಅಂತಲೇ ಕರೆಯುತ್ತಿದ್ದರು. ಅಷ್ಟು ದೊಡ್ಡ ಬಾಡಿ ಶೋಕಿಗಲ್ಲ. ಕ್ಯಾಪ್ಸೂಲಿನ ಸಿಗ್ನಲ್ ಉದ್ದದ ಕೇಬಲ್ ದಾಟಲಾರದು, ಹಾಗಾಗಿ ಗಾಜಿನ ಬುರುಡೆಯಂಥ ವಾಲ್ವ್ ಇರುವ ಆಂಪ್ಲಿಫೈಯರನ್ನೇ ಒಳಗೆ ಕೂರಿಸಿದ್ದರು. ನಮ್ಮ ಮೈಕಿನಲ್ಲಿ ವಾಲ್ವ್ ಬದಲು ಪುಟ್ಟ ಟ್ರಾನ್ಸಿಸ್ಟರ್, ಅಷ್ಟೇ.

ಯಾವ ಲೋಹ? ಹಿತ್ತಾಳೆ ನೋಡಲು ಚೆಂದ. ಆದರೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಭಾರ, ಸ್ಟ್ಯಾಂಡಿನ ತೋಳು ಬಾಗುತ್ತದೆ. ಮೇಲಾಗಿ ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ನಾದ ಎಳೆಯುತ್ತದೆ. ಮೈಕಿಗೆ ಅದು ಬೇಡ. ಅಲ್ಯೂಮಿನಿಯಮ್ಮೂ ಪೂರ್ತಿ ಮೌನಿಯೇನಲ್ಲ. ಗೋಡೆ ಸುಮಾರು 4 ಮಿ.ಮೀ. ದಪ್ಪ ಇರಲಿ, ಒಳಗೆ ನಾದ ತಗ್ಗಿಸುವ ಬ್ಯುಟೈಲ್ ರಬ್ಬರ್ ಟೇಪ್ ಅಂಟಿಸಿ, ಕ್ಯಾಪ್ಸೂಲನ್ನು ರಬ್ಬರ್ ಮೇಲೆ ಕೂರಿಸಿ.

[ದೃಶ್ಯ: ಕಾಗದದ ಮೇಲೆ ಮೈಕಿನ ತಲೆಯ ಸ್ಕೆಚ್]

ಈಗ ತಲೆ. ಹಳೇ ಫೋಟೋಗಳಲ್ಲಿ ಕಾಣುವ, ಪಟ್ಟಿಪಟ್ಟಿ ಎರಕದ ಶೂರ್ 55 ಮೈಕ್ ನೆನಪಿದೆಯಾ? 1939ರದ್ದು. ಹಾಗೇ ಮಾಡೋಣ ಅಂತ ಆಸೆ ಆಗುತ್ತದೆ. ಆದರೆ ಅದು ಡೈನಾಮಿಕ್ ಮೈಕ್, ಅಂದರೆ ಅಯಸ್ಕಾಂತ, ತಂತಿಸುರುಳಿಯಿಂದ ಕೆಲಸ ಮಾಡುವಂಥದ್ದು. ಅದರ ಲೆಕ್ಕ ಬೇರೆ. 10 ಕಿಲೋಹರ್ಟ್ಸ್ ಶಬ್ದದ ಅಲೆ ಸುಮಾರು 3.4 ಸೆಂ.ಮೀ. ಉದ್ದ. ನಮ್ಮ ಮೈಕಿನ ತಲೆಯೂ ಹೆಚ್ಚುಕಮ್ಮಿ ಅದೇ ಅಳತೆ. ಕ್ಯಾಪ್ಸೂಲಿನ ಹತ್ತಿರ ದಪ್ಪ ಪಟ್ಟಿ ಇದ್ದರೆ ಅಲೆ ಬಡಿದು ವಾಪಸ್ ಬರುತ್ತದೆ, 'ಸ' 'ಷ' ಕೆಡುತ್ತವೆ. ನನ್ನ ಸಲಹೆ ಇಷ್ಟೇ: ಕೆಳಗಿನ ಬಾಡಿ, ತಲೆಯ ಚೌಕಟ್ಟು ಮಾತ್ರ ಎರಕ. ಉಳಿದದ್ದು ಹಿತ್ತಾಳೆ ಜಾಲರಿ. ಅಂದ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

[ದೃಶ್ಯ: ಮರಳಿನ ಪೆಟ್ಟಿಗೆಯಲ್ಲಿ ಪ್ಯಾಟರ್ನ್]

ಬಾಡಿಯನ್ನು ಉದ್ದಕ್ಕೆ ಸೀಳಿದ ಎರಡು ಹೋಳಾಗಿ ಮಾಡಿ. ಟೊಳ್ಳು ಉಳಿಸಲು ಅಚ್ಚಿನೊಳಗೆ ಕೋರ್ ಎಂಬ ಬೇರೆ ತಿರುಳು ಇಡುವ ರಗಳೆ ಇರುವುದಿಲ್ಲ. ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮರದ್ದಾದರೂ ಸರಿ, 3ಡಿ ಪ್ರಿಂಟ್ ಆದರೂ ಸರಿ. ಅಲ್ಯೂಮಿನಿಯಂ ತಣ್ಣಗಾಗುವಾಗ ಶೇ. 1.3ರಷ್ಟು ಕುಗ್ಗುತ್ತದೆ. 100 ಮಿ.ಮೀ. ಬೇಕಿದ್ದರೆ ಪ್ಯಾಟರ್ನ್ 101.3 ಇರಬೇಕು. ಗೋಡೆಗಳಿಗೆ 2–3 ಡಿಗ್ರಿ ಓರೆ ಕೊಡಿ. ಇಲ್ಲದಿದ್ದರೆ ಪ್ಯಾಟರ್ನ್ ಎತ್ತುವಾಗ ಮರಳೂ ಜೊತೆಗೇ ಕಿತ್ತುಬರುತ್ತದೆ.

ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಹೊಯ್ಯುವಾಗ 700 ದಾಟಿರಬೇಕು. ದಯವಿಟ್ಟು ಈ ಕೆಲಸ ಮನೆಯ ಹಿತ್ತಲಲ್ಲಿ ಬೇಡ. ಕರಗಿದ ಲೋಹಕ್ಕೆ ನೀರು ಸಿಕ್ಕರೆ ಅದು ಒಮ್ಮೆಲೇ ಆವಿಯಾಗಿ ಲೋಹವನ್ನು ಸಿಡಿಸುತ್ತದೆ. ಬೆಳಗಾವಿ ಕಡೆಯವರಿಗೆ ಫೌಂಡ್ರಿ ಹೊಸದೇನಲ್ಲ. ಬೇರೆ ಊರಿನವರೂ ಅಲ್ಯೂಮಿನಿಯಂ ಹೊಯ್ಯುವ ಫೌಂಡ್ರಿ ಹುಡುಕಿ, ಪ್ಯಾಟರ್ನ್ ಕೊಟ್ಟು ಮಾಡಿಸಿ.

[ದೃಶ್ಯ: ಗಾಜಿನ ಮೇಲೆ ಎಮರಿ ಕಾಗದ, ಅದರ ಮೇಲೆ ಹೋಳನ್ನು ಉಜ್ಜುವುದು]

ಹೋಳುಗಳು ಕೂಡುವ ಅಂಚನ್ನು ಹೀಗೆ ಸಮತಟ್ಟಾಗಿ ಉಜ್ಜಿ. ಬಣ್ಣ ಹೊರಗಡೆ ಮಾತ್ರ. ಅಂಚಿಗೆ ಬಣ್ಣ ಬಿದ್ದರೆ ಹೋಳುಗಳ ನಡುವೆ ಕರೆಂಟ್ ಹರಿಯದು, ಇಷ್ಟೆಲ್ಲ ಮಾಡಿ ಗುಂಯ್ ಶಬ್ದಕ್ಕೆ ಬಾಗಿಲು ತೆರೆದಂತಾಯಿತು. ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಕೇಬಲ್ ಸಾಕೆಟ್ಟಿನ ಒಂದನೇ, ಅಂದರೆ ಗ್ರೌಂಡ್, ಪಿನ್ನಿಂದ ಬಾಡಿಗೆ ಗಿಡ್ಡ ವೈರ್ ಎಳೆಯಿರಿ. ಜಾಲರಿಯೂ ಬಾಡಿಗೆ ತಾಗಿರಬೇಕು.

ಗಿಗಾಓಮ್ ರೆಸಿಸ್ಟರ್ ಸುತ್ತ ಬೆರಳು ತಾಗಿಸಬೇಡಿ. ಬೆವರು, ಬೆಸುಗೆಯ ಫ್ಲಕ್ಸ್ ಉಳಿದರೆ ಸಿಗ್ನಲ್ ಸೋರುತ್ತದೆ, ಚಟಪಟ ಸದ್ದು ಬರುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಜಾಸ್ತಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿಯೇ ಮುಚ್ಚಿ.

[ದೃಶ್ಯ: ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್]

ಮೊದಲು ವಾಲ್ಯೂಮ್ ಇಳಿಸಿ, ಆಮೇಲೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಸಿಗುವ ವಿದ್ಯುತ್) ಹಾಕಿ. ಸ್ವಲ್ಪ ಹೊತ್ತು ಬಿಟ್ಟು ವಾಲ್ಯೂಮ್ ಏರಿಸಿ. ಬಾಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ, ಆಮೇಲೆ ಕೈ ಬಿಡಿ. ಗುಂಯ್ ಶಬ್ದದಲ್ಲಿ ವ್ಯತ್ಯಾಸ ಕೇಳಿಸಿದರೆ ಎಲ್ಲೋ ಗ್ರೌಂಡ್ ತಾಗಿಲ್ಲ. ಮೊದಲು ಹೋಳುಗಳು ಕೂಡುವ ಅಂಚನ್ನೇ ಬಿಚ್ಚಿ ನೋಡಿ.