ಬೇಕೆನಿಸದ ಮನಸ್ಸು: ಖಿನ್ನತೆಯಲ್ಲಿ ಮಿದುಳಿನ ಪ್ರತಿಫಲದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಖಿನ್ನತೆ ಎಂದರೆ ಸದಾ ಅಳುತ್ತಿರುವುದು ಎಂದು ತಿಳಿದವರೇ ಹೆಚ್ಚು. ಮನೋವೈದ್ಯರು ರೋಗ ಗುರುತಿಸುವ ಕ್ರಮ ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಒಂಬತ್ತು ಲಕ್ಷಣಗಳ ಪಟ್ಟಿಯಲ್ಲಿ ಕನಿಷ್ಠ ಐದು ಲಕ್ಷಣಗಳು ಎರಡು ವಾರ ಬಿಡದೆ ಇರಬೇಕು. ಆ ಐದರಲ್ಲಿ ಈ ಎರಡರ ಪೈಕಿ ಒಂದಾದರೂ ಇರಲೇಬೇಕು: ಕುಗ್ಗಿಹೋದ ಮನಸ್ಸು, ಇಲ್ಲವೇ ಯಾವುದರಲ್ಲೂ ಆಸಕ್ತಿಯಾಗಲಿ ಸಂತೋಷವಾಗಲಿ ಉಳಿಯದಿರುವುದು. ಎಂದರೆ, ದುಃಖ ಕಾಣಿಸದೆಯೂ ಖಿನ್ನತೆ ಇರಬಹುದು. ಅಂಥವರು "ಬೇಸರವಾಗಿದೆ" ಎನ್ನುವುದಿಲ್ಲ, "ಏನೂ ಬೇಕು ಅನ್ನಿಸ್ತಿಲ್ಲ" ಎನ್ನುತ್ತಾರೆ. ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಆ ವ್ಯಕ್ತಿಯೂ ಹಾಗೇ ನಂಬಿಬಿಡುತ್ತಾರೆ. ಚಿಕಿತ್ಸೆ ತಿಂಗಳುಗಟ್ಟಲೆ ತಡವಾಗುವುದು ಇಲ್ಲೇ.

ಈ ಎರಡನೆಯ ಲಕ್ಷಣವನ್ನು ಆನ್‌ಹೆಡೋನಿಯಾ ಎನ್ನುತ್ತಾರೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಥಿಯೋಡ್ಯೂಲ್ ರಿಬೋ 1896ರಲ್ಲಿ ಇಟ್ಟ ಹೆಸರು ಅದು. ಆಗ ಮಿದುಳಿನೊಳಗೆ ಇಣುಕುವ ದಾರಿ ಇರಲಿಲ್ಲ. ಈಗ ಇದೆ. ಅಲ್ಲಿ ಕಂಡದ್ದು ಖಿನ್ನತೆಯ ಬಗ್ಗೆ ನಾವು ಆಡುವ ಮಾತನ್ನೂ ಕೊಡುವ ಸಲಹೆಯನ್ನೂ ಬದಲಿಸಬೇಕಾದಷ್ಟು ಮುಖ್ಯವಾದದ್ದು.

ನಡುಮಿದುಳಿನಲ್ಲಿ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶ ಎಂಬ ಸಣ್ಣ ಜಾಗವಿದೆ. ಅಲ್ಲಿನ ನರಕೋಶಗಳು ತಮ್ಮ ಎಳೆಗಳನ್ನು ಮಿದುಳಿನ ಆಳದಲ್ಲಿರುವ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗಕ್ಕೂ, ಹಣೆಯ ಹಿಂದೆ ಇರುವ ಮಿದುಳಿನ ಹೊರಪದರಕ್ಕೂ ಚಾಚಿ, ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. 1954ರಲ್ಲಿ ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ತೆಳುವಾದ ತಂತಿ ಇಳಿಸಿ, ಸನ್ನೆಕೋಲು ಒತ್ತಿದರೆ ಚೂರು ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಸನ್ನೆಕೋಲನ್ನು ಒತ್ತುತ್ತಲೇ ಹೋದವು. ಮಿದುಳಿನಲ್ಲಿ ಸುಖದ ಕೇಂದ್ರ ಸಿಕ್ಕಿತು ಎಂಬ ಮಾತು ಹಬ್ಬಿತು. ಮುಂದೆ ಡೋಪಮೈನ್‌ಗೆ ಸುಖದ ರಾಸಾಯನಿಕ ಎಂಬ ಬಿರುದೂ ಅಂಟಿಕೊಂಡಿತು. ಆ ಬಿರುದು ಇಂದಿಗೂ ಜನರ ಬಾಯಲ್ಲಿದೆ. ಆದರೆ ಅದು ತಪ್ಪು.

ತಪ್ಪು ಎಂದು ತೋರಿಸಿದವರಲ್ಲಿ ಅಮೆರಿಕದ ನರವಿಜ್ಞಾನಿ ಕೆಂಟ್ ಬೆರಿಜ್ ಪ್ರಮುಖರು. ಡೋಪಮೈನ್ ಬಹುತೇಕ ಬರಿದಾದ ಇಲಿಗಳು ತಾವಾಗಿ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಆಹಾರ ಮುಂದಿದ್ದರೂ ಉಪವಾಸ ಬೀಳುತ್ತವೆ. ಆದರೆ ಅವುಗಳ ನಾಲಗೆಗೆ ಸಿಹಿ ನೀರು ಬಿಟ್ಟರೆ ಆರೋಗ್ಯವಂತ ಇಲಿಗಳಂತೆಯೇ ತುಟಿ ನೆಕ್ಕುತ್ತವೆ. ಸಿಹಿಯ ಸುಖ ಅವುಗಳಿಗೆ ಉಳಿದಿದೆ. ಅದರ ಕಡೆ ಹೋಗುವ ಬಯಕೆ ಮಾತ್ರ ಇಲ್ಲ. ಸುಖಪಡುವುದೂ ಬಯಸುವುದೂ ಮಿದುಳಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು. ಸುಖದ ಹಿಂದೆ ಮುಖ್ಯವಾಗಿ ಮಿದುಳು ತಾನೇ ತಯಾರಿಸುವ ಅಫೀಮಿನಂಥ ವಸ್ತುಗಳಿವೆ, ಬಯಕೆಯ ಹಿಂದೆ ಡೋಪಮೈನ್ ಇದೆ.

ಅದೇ ಡೋಪಮೈನ್‌ಗೆ ಇನ್ನೊಂದು ಕೆಲಸವೂ ಇದೆ, ಕಲಿಸುವುದು. ನರವಿಜ್ಞಾನಿ ವೊಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಡೋಪಮೈನ್ ನರಕೋಶಗಳ ಮಿಡಿತವನ್ನು ದಾಖಲಿಸಿದರು. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮುಂಚೆ ಪ್ರತಿಸಲ ಒಂದು ಸೂಚನೆ ಕೊಟ್ಟರೆ, ಕೆಲವು ಸಲದ ನಂತರ ಮಿಡಿತ ಸೂಚನೆಯ ಕ್ಷಣಕ್ಕೆ ಜರುಗಿತು. ರಸ ಬಂದಾಗ ವಿಶೇಷವೇನೂ ಆಗಲಿಲ್ಲ. ಸೂಚನೆ ಕೊಟ್ಟೂ ರಸ ಕೊಡದಿದ್ದಾಗ, ರಸ ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಮಿಡಿತ ತಗ್ಗಿತು. ಈ ಕೋಶಗಳು ಲೆಕ್ಕ ಹಾಕುತ್ತಿರುವುದು ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ನಡುವಿನ ವ್ಯತ್ಯಾಸವನ್ನು. 1997ರಲ್ಲಿ ಪ್ರಕಟವಾದ ಈ ವಿವರಣೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಚಿಕಿತ್ಸೆಯ ಮಾತು ಬಂದಾಗ ಇದು ಬೇಕಾಗುತ್ತದೆ.

ಮೂರನೆಯದು ಶ್ರಮದ ತೂಕ. ಈ ಫಲಕ್ಕೆ ಇಷ್ಟು ಕಷ್ಟಪಡಬಹುದೇ ಎಂದು ಮಿದುಳು ಸದಾ ತಕ್ಕಡಿ ಹಿಡಿದೇ ಇರುತ್ತದೆ. ಜಾನ್ ಸಲಮೋನ್ ಅವರ ಪ್ರಯೋಗದಲ್ಲಿ ಇಲಿಗೆ ಎರಡು ದಾರಿಗಳಿದ್ದವು. ಒಂದರ ಕೊನೆಯಲ್ಲಿ ಹೆಚ್ಚು ಆಹಾರ, ಆದರೆ ನಡುವೆ ಹತ್ತಿ ದಾಟಬೇಕಾದ ತಡೆಗೋಡೆ. ಇನ್ನೊಂದರಲ್ಲಿ ಕಡಿಮೆ ಆಹಾರ, ತಡೆಯಿಲ್ಲ. ಸಾಮಾನ್ಯ ಇಲಿ ಗೋಡೆ ಹತ್ತುತ್ತದೆ. ಡೋಪಮೈನ್ ತಗ್ಗಿಸಿದ ಇಲಿ ಸಲೀಸಾದ ದಾರಿಯಲ್ಲಿ ಹೋಗಿ ಕಡಿಮೆ ತಿನ್ನುತ್ತದೆ. ಗೋಡೆ ತೆಗೆದುಬಿಟ್ಟರೆ ಅದೂ ಹೆಚ್ಚು ಆಹಾರದ ಕಡೆಗೇ ಓಡುತ್ತದೆ. ಎಲ್ಲಿ ಹೆಚ್ಚಿದೆ ಎಂಬ ತಿಳಿವಳಿಕೆ ಹೋಗಿಲ್ಲ, ಹೆಚ್ಚು ಬೇಕೆಂಬ ಇಷ್ಟವೂ ಹೋಗಿಲ್ಲ. ಶ್ರಮದ ತಟ್ಟೆ ಭಾರವಾಗಿದೆ, ಅಷ್ಟೇ.

ಹಾಗಾದರೆ ಖಿನ್ನತೆಯಿರುವ ಮನುಷ್ಯರಲ್ಲಿ ಕೆಟ್ಟಿರುವುದು ಯಾವುದು? ಸುಖವೋ, ಬಯಕೆಯೋ, ಶ್ರಮದ ತೂಕವೋ, ಕಲಿಕೆಯೋ?

ಸುಖದಿಂದ ಶುರುಮಾಡೋಣ. ಸಕ್ಕರೆ ನೀರಿನ ಬೇರೆ ಬೇರೆ ಪಾಕಗಳನ್ನು ರುಚಿ ನೋಡಿಸಿ ಎಷ್ಟು ಹಿತವಾಗಿದೆ ಎಂದು ಕೇಳಿದ ಹಲವು ಅಧ್ಯಯನಗಳಲ್ಲಿ, ಖಿನ್ನತೆ ಇರುವವರು ಕೊಟ್ಟ ಅಂಕಗಳು ಉಳಿದವರಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ. "ನನಗೆ ಯಾವುದೂ ರುಚಿಸುವುದಿಲ್ಲ" ಎನ್ನುವವರಿಗೂ ಆ ಕ್ಷಣದ ಸಿಹಿ ಸಿಹಿಯಾಗಿಯೇ ತಾಗುತ್ತದೆ.

ಶ್ರಮದ ವಿಷಯಕ್ಕೆ ಬಂದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮೈಕೆಲ್ ಟ್ರೆಡ್‌ವೇ ಮತ್ತು ಸಂಗಡಿಗರು 2009ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಪ್ರತಿಸಲ ಎರಡು ಕೆಲಸಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸುಲಭದ್ದು: ರೂಢಿಯ ಕೈಯ ತೋರುಬೆರಳಿನಿಂದ 7 ಸೆಕೆಂಡಿನಲ್ಲಿ 30 ಸಲ ಗುಂಡಿ ಒತ್ತುವುದು, ಬಹುಮಾನ ಒಂದು ಡಾಲರ್. ಕಷ್ಟದ್ದು: ಇನ್ನೊಂದು ಕೈಯ ಕಿರುಬೆರಳಿನಿಂದ 21 ಸೆಕೆಂಡಿನಲ್ಲಿ 100 ಸಲ ಒತ್ತುವುದು, ಬಹುಮಾನ ನಾಲ್ಕು ಡಾಲರ್ ದಾಟಬಹುದು. ಹಣ ಕೈಗೆ ಬರುವ ಸಾಧ್ಯತೆ 12, 50 ಅಥವಾ 88 ಶೇಕಡಾ ಎಂದು ಮೊದಲೇ ಹೇಳುತ್ತಾರೆ. 2012ರಲ್ಲಿ ಇದೇ ಪರೀಕ್ಷೆಯಲ್ಲಿ ಖಿನ್ನತೆಯಿರುವವರು ಕಷ್ಟದ ಕೆಲಸವನ್ನು ಆರಿಸಿಕೊಂಡದ್ದು ಕಡಿಮೆ. ಅದಕ್ಕಿಂತ ಗಮನಿಸಬೇಕಾದದ್ದು, ಬಹುಮಾನ ದೊಡ್ಡದಿದೆ, ಸಿಗುವುದು ಬಹುತೇಕ ಖಚಿತ ಎಂಬ ಮಾಹಿತಿ ಅವರ ಆಯ್ಕೆಯನ್ನು ಉಳಿದವರಷ್ಟು ಬದಲಿಸಲಿಲ್ಲ.

ಕಲಿಕೆಯ ಪರೀಕ್ಷೆ ಡಿಯಾಗೋ ಪಿಜ್ಜಗಾಲಿ ಅವರದು. ಪರದೆಯ ಮೇಲೆ ಒಂದು ಸರಳ ಮುಖದ ಚಿತ್ರ. ಅದರ ಬಾಯಿ 11.5 ಮಿಲಿಮೀಟರ್ ಅಥವಾ 13 ಮಿಲಿಮೀಟರ್ ಉದ್ದ, ಕಾಣಿಸುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಚಿಕ್ಕದೋ ಉದ್ದವೋ ಹೇಳಬೇಕು. ಆಡುವವರಿಗೆ ತಿಳಿಸದ ಸಂಗತಿ ಎಂದರೆ, ಒಂದು ಉತ್ತರಕ್ಕೆ ಇನ್ನೊಂದಕ್ಕಿಂತ ಮೂರು ಪಟ್ಟು ಹೆಚ್ಚು ಸಲ ಬಹುಮಾನ ಬರುತ್ತದೆ. ಆರೋಗ್ಯವಂತರು ಅರಿವಿಲ್ಲದೆಯೇ ಆ ಉತ್ತರದತ್ತ ವಾಲುತ್ತಾರೆ. ಖಿನ್ನತೆ ಇರುವವರು ಅಷ್ಟಾಗಿ ವಾಲುವುದಿಲ್ಲ. ಈಗಷ್ಟೇ ಸಿಕ್ಕ ಬಹುಮಾನ ಅವರಿಗೆ ತಿಳಿಯುತ್ತದೆ, ಆದರೆ ನಡುವೆ ಬಹುಮಾನವಿಲ್ಲದ ಕೆಲವು ಸುತ್ತುಗಳು ಕಳೆದರೆ ಹಳೆಯ ಪ್ರಯೋಜನ ಲೆಕ್ಕದಲ್ಲಿ ಉಳಿದಿರುವುದಿಲ್ಲ. ಸಂತೋಷ ಬೇಗ ಆರಿಹೋಗುವುದು ಮಿದುಳಿನ ಚಿತ್ರಣದಲ್ಲೂ ಕಂಡಿದೆ. ಹಿತವಾದ ಚಿತ್ರಗಳನ್ನು ನೋಡುತ್ತಾ ಆ ಭಾವವನ್ನು ಹಿಗ್ಗಿಸಿಕೊಳ್ಳಿ ಎಂದಾಗ, ಮೊದಲಲ್ಲಿ ಅವರ ನ್ಯೂಕ್ಲಿಯಸ್ ಅಕಂಬೆನ್ಸ್ ಉಳಿದವರಂತೆಯೇ ಚುರುಕಾಗಿತ್ತು. ಪರೀಕ್ಷೆ ಮುಂದುವರಿದಂತೆ ಅದು ಕುಸಿಯಿತು.

ಇವೆಲ್ಲ ಗುಂಪಿನ ಸರಾಸರಿಗಳು ಎಂಬುದನ್ನು ಮರೆಯಬಾರದು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ, ಎಲ್ಲರ ಖಿನ್ನತೆಯೂ ಒಂದೇ ಬಗೆಯದಲ್ಲ. ನಿಮ್ಮ ಮಿದುಳಿನಲ್ಲಿ ಡೋಪಮೈನ್ ಎಷ್ಟಿದೆ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಇದೆ ಎಂದು ಹಣ ಕೇಳುವವರನ್ನು ನಂಬಬೇಡಿ.

ಈ ವ್ಯವಸ್ಥೆ ಏಕೆ ಹದಗೆಡುತ್ತದೆ? ದೀರ್ಘಕಾಲದ ಒತ್ತಡ ಒಂದು ಕಾರಣ. ವಾರಗಟ್ಟಲೆ ಸಣ್ಣಪುಟ್ಟ ಒತ್ತಡಕ್ಕೆ ಒಳಗಾದ ಇಲಿಗಳಿಗೆ ಸಿಹಿ ನೀರಿನ ಮೇಲಿನ ಒಲವು ಕುಗ್ಗುತ್ತದೆ. ಇನ್ನೊಂದು ಉರಿಯೂತ. ಹೆಪಟೈಟಿಸ್ ಸಿ ರೋಗಕ್ಕೆ ಹಿಂದೆ ಇಂಟರ್‌ಫೆರಾನ್ ಆಲ್ಫಾ ಎಂಬ, ದೇಹದಲ್ಲಿ ಉರಿಯೂತ ಹೆಚ್ಚಿಸುವ ಔಷಧ ಕೊಡುತ್ತಿದ್ದಾಗ ಅನೇಕ ರೋಗಿಗಳಿಗೆ ಖಿನ್ನತೆ ಬಂತು, ಅವರ ಮಿದುಳಿನ ಪ್ರತಿಫಲದ ಭಾಗ ಮಂಕಾದದ್ದೂ ಸ್ಕ್ಯಾನ್‌ನಲ್ಲಿ ಕಂಡಿತು. ಮೂರನೆಯದು ಹಬೆನ್ಯುಲಾ ಎಂಬ ಪುಟ್ಟ ಭಾಗ. ನಿರೀಕ್ಷಿಸಿದ್ದು ಸಿಗದಾಗ ಅದು ಎಚ್ಚರಗೊಂಡು ಡೋಪಮೈನ್ ಕೋಶಗಳನ್ನು ಅದುಮುತ್ತದೆ.

ಈಗ ಇದರಿಂದ ನಮಗೇನು ಪ್ರಯೋಜನ ಎಂಬುದಕ್ಕೆ ಬರುತ್ತೇನೆ. ಖಿನ್ನತೆಯಲ್ಲಿ ಹೆಚ್ಚು ಪೆಟ್ಟು ತಿಂದಿರುವುದು ಬಯಕೆ, ಶ್ರಮದ ತೂಕ ಮತ್ತು ಕಲಿಕೆ. ಹೀಗಿರುವಾಗ "ಮನಸ್ಸಾದಾಗ ಮಾಡು" ಎಂಬ ಸಲಹೆ, ಕೇಳಲು ಎಷ್ಟೇ ಮೃದುವಾಗಿದ್ದರೂ, ಹಾನಿ ಮಾಡುತ್ತದೆ. ಮನಸ್ಸು ಮಾಡುವ ಭಾಗವೇ ಕೆಟ್ಟಿದೆ. "ನಿನಗೆ ಏನು ಮಾಡಬೇಕು ಅನ್ನಿಸುತ್ತೆ?" ಎಂಬ ಪ್ರಶ್ನೆಯೂ ಅಷ್ಟೇ. ಅದರ ಬದಲು "ಐದು ಗಂಟೆಗೆ ಇಬ್ಬರೂ ಹತ್ತು ನಿಮಿಷ ನಡೆದು ಬರೋಣ" ಎನ್ನಿ, ಐದಕ್ಕೆ ಚಪ್ಪಲಿ ಹಾಕಿಕೊಂಡು ನಿಲ್ಲಿ. ಬಂದ ಮೇಲೆ "ನೋಡು, ಚೆನ್ನಾಗಿತ್ತಲ್ಲ" ಎಂದು ಒತ್ತಾಯಿಸಬೇಡಿ.

ಈ ತತ್ವದ ಮೇಲೆ ನಿಂತ ಚಿಕಿತ್ಸೆಗೆ ಬಿಹೇವಿಯರಲ್ ಆಕ್ಟಿವೇಶನ್ ಎಂದು ಹೆಸರು. 1970ರ ದಶಕದಲ್ಲಿ ಪೀಟರ್ ಲ್ಯೂಯಿನ್‌ಸನ್ ಇದಕ್ಕೆ ಅಡಿಪಾಯ ಹಾಕಿದರು. 2016ರಲ್ಲಿ ಇಂಗ್ಲೆಂಡಿನ 440 ರೋಗಿಗಳ ಅಧ್ಯಯನದಲ್ಲಿ ಇದು, ಹೆಚ್ಚು ತರಬೇತಿ ಬೇಡುವ ಅರಿವಿನ ವರ್ತನಾ ಚಿಕಿತ್ಸೆಗೆ ಸರಿಸಮವಾಗಿ ನಿಂತಿತು. ಆಪ್ತಸಮಾಲೋಚಕರ ಜೊತೆ ಮಾಡುವುದು ಉತ್ತಮ. ಕ್ರಮ ಹೀಗಿದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ. ಗಂಟೆಗೊಂದು ಸಾಲು ಇರುವ ಹಾಳೆಯಲ್ಲಿ ಏನು ಮಾಡಿದಿರಿ ಎಂದು ಬರೆದು, ಪಕ್ಕದಲ್ಲಿ ಸೊನ್ನೆಯಿಂದ ಹತ್ತರವರೆಗೆ ಎರಡು ಅಂಕ ಹಾಕಿ: ಎಷ್ಟು ಹಿತವಾಯಿತು, ಏನನ್ನೋ ಮಾಡಿ ಮುಗಿಸಿದೆ ಎಂಬ ಭಾವ ಎಷ್ಟಿತ್ತು. ಅಂಕವನ್ನು ಆಗಿಂದಾಗಲೇ ಹಾಕಬೇಕು. ರಾತ್ರಿ ಕುಳಿತು ಹಾಕಿದರೆ ಇಡೀ ದಿನಕ್ಕೆ ಸೊನ್ನೆ ಬೀಳುತ್ತದೆ, ಏಕೆಂದರೆ ಸಣ್ಣ ಸಂತೋಷಗಳು ಅಷ್ಟು ಹೊತ್ತು ನೆನಪಿನಲ್ಲಿ ಉಳಿಯುವುದಿಲ್ಲ. ವಾರದ ಕೊನೆಗೆ ಸೊನ್ನೆ, ಒಂದುಗಳ ನಡುವೆ ಎಲ್ಲಾದರೂ ಮೂರು ಇದೆಯೇ ಎಂದು ಹುಡುಕಿ.

ಎರಡನೆಯ ವಾರ ಎರಡೋ ಮೂರೋ ಕೆಲಸಗಳನ್ನು ಆರಿಸಿ, ದಿನ, ಗಂಟೆ, ಜಾಗ, ಎಷ್ಟು ನಿಮಿಷ ಎಂಬುದನ್ನೆಲ್ಲ ಬರೆದಿಡಿ. ಇದನ್ನು ಮಾಡಿಯೇ ತೀರುತ್ತೇನೆ ಎಂಬ ಭರವಸೆ ಹತ್ತರಲ್ಲಿ ಎಂಟಕ್ಕಿಂತ ಕಡಿಮೆಯಿದ್ದರೆ ಕೆಲಸವನ್ನು ಇನ್ನಷ್ಟು ಚಿಕ್ಕದು ಮಾಡಿ. ಪುಸ್ತಕ ಓದುವುದಲ್ಲ, ಒಂದು ಪುಟ. ಅಡುಗೆಮನೆ ಶುಚಿ ಮಾಡುವುದಲ್ಲ, ನಾಲ್ಕು ಪಾತ್ರೆ. ಬೇಕಾದ ವಸ್ತುಗಳನ್ನು ಹಿಂದಿನ ರಾತ್ರಿಯೇ ಎದುರಿಗಿಟ್ಟರೆ ಶ್ರಮದ ಭಾರ ಅಷ್ಟು ಇಳಿಯುತ್ತದೆ.

ಕೆಲಸಕ್ಕೆ ಮುಂಚೆ, ಇದರಿಂದ ಎಷ್ಟು ಹಿತವಾಗಬಹುದು ಎಂದು ಒಂದು ಅಂಕ ಬರೆಯಿರಿ. ಮುಗಿದ ಕೂಡಲೇ ನಿಜಕ್ಕೂ ಎಷ್ಟಾಯಿತು ಎಂದು ಇನ್ನೊಂದನ್ನು ಬರೆಯಿರಿ. ಶುಲ್ಟ್ಸ್ ಅವರ ಕೋತಿಗಳು ಇಲ್ಲಿ ನೆನಪಾಗಬೇಕು. ಸೊನ್ನೆ ನಿರೀಕ್ಷಿಸಿ ಎರಡು ಸಿಕ್ಕರೆ, ಆ ವ್ಯತ್ಯಾಸವೇ ಮಿದುಳಿಗೆ ಕಲಿಯಲು ಬೇಕಾದ ಸಾಮಗ್ರಿ. ಮರೆಯುವ ಮಿದುಳಿನ ಪರವಾಗಿ ಹಾಳೆ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಇಲ್ಲಿ: ಚೆನ್ನಾಗಿದ್ದ ದಿನಗಳಲ್ಲಿ ಅತಿ ಇಷ್ಟವಾಗಿದ್ದ ಹವ್ಯಾಸವನ್ನೇ ಮೊದಲು ಆರಿಸಿಕೊಳ್ಳುವುದು. ಹಳೆಯ ಒಂಬತ್ತಕ್ಕೆ ಹೋಲಿಸಿದರೆ ಇಂದಿನ ಎರಡು ಸೋಲಿನಂತೆ ಕಾಣುತ್ತದೆ. ಹಿಂದಿನ ಹೋಲಿಕೆಯಿಲ್ಲದ ಸಾದಾ ಕೆಲಸ ವಾಸಿ. ಮೈ ಕೆಲಸದಲ್ಲಿದ್ದು ತಲೆ ಹಳೆಯ ಚಿಂತೆಯನ್ನೇ ಮೆಲುಕು ಹಾಕುತ್ತಿದ್ದರೆ ಹಿತ ದಾಖಲಾಗುವುದೇ ಇಲ್ಲ. ಆಗ ಕೈಗೆ ತಾಗುವುದು, ಕಿವಿಗೆ ಬೀಳುವುದು ಏನೆಂದು ಗಮನ ಕೊಡಬೇಕು. ಗಂಟೆಗಟ್ಟಲೆ ಫೋನ್ ಸರಿಸುವುದು ತಪ್ಪಿಸಿಕೊಂಡ ನೆಮ್ಮದಿ ಕೊಡುತ್ತದೆ, ಅಂಕ ಹಾಕಿ ನೋಡಿದರೆ ಒಂದು ದಾಟುವುದು ಅಪರೂಪ. ಎರಡು ವಾರಕ್ಕೆ ಫಲ ಕಾಣಲಿಲ್ಲವೆಂದು ಬಿಟ್ಟುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಔಷಧಗಳ ಬಗ್ಗೆ ಚುಟುಕಾಗಿ. ಸಿರೊಟೋನಿನ್ ಮೇಲೆ ಕೆಲಸ ಮಾಡುವ ಸಾಮಾನ್ಯ ಮಾತ್ರೆಗಳು ಪರಿಣಾಮ ತೋರಲು ಎರಡರಿಂದ ಆರು ವಾರ ಬೇಕು. ಕೆಲವರಿಗೆ ದುಃಖ ಇಳಿದರೂ ಸಂತೋಷವೂ ಮೊಂಡಾದಂತೆ ಅನಿಸುತ್ತದೆ. ಅದನ್ನು ವೈದ್ಯರಿಗೆ ಹೇಳಿ. ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಪ್ರಮಾಣ ಬದಲಿಸಬಹುದು, ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಮೇಲೆ ಕೆಲಸ ಮಾಡುವ ಬುಪ್ರೊಪಿಯಾನ್‌ನಂಥದ್ದನ್ನು ಯೋಚಿಸಬಹುದು. ಫಿಟ್ಸ್ ಇರುವವರಿಗೆ ಅದು ಕೂಡದು. ಹಿಂದೆ ಎಂದಾದರೂ ಅತಿಯಾದ ಹುರುಪು, ನಿದ್ದೆ ಬೇಡವೆನ್ನಿಸುವ ದಿನಗಳು ಬಂದಿದ್ದರೆ ಮೊದಲ ಭೇಟಿಯಲ್ಲೇ ಹೇಳಿ; ಚಿಕಿತ್ಸೆಯೇ ಬೇರೆಯಾಗುತ್ತದೆ. ಥೈರಾಯ್ಡ್ ಕೊರತೆ, ರಕ್ತಹೀನತೆಗಳೂ ಇದೇ ನಿರಾಸಕ್ತಿ ತರಬಲ್ಲವು, ಅವನ್ನು ಪರೀಕ್ಷಿಸಲೇಬೇಕು.

ಊಟ ನೀರು ಬಿಟ್ಟವರಿಗೆ, ಹಾಸಿಗೆಯಿಂದ ಏಳಲಾಗದವರಿಗೆ, ಸಾಯುವ ಮಾತಾಡುವವರಿಗೆ ಮನೆಯಲ್ಲಿ ಹಾಳೆ ಬರೆಸುತ್ತಾ ಕೂರಬೇಡಿ. ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಚಿಕಿತ್ಸೆಯ ಮೊದಲ ವಾರಗಳಲ್ಲಿ, ಹತಾಶೆ ಕರಗುವ ಮುಂಚೆಯೇ ಕೈಕಾಲಿಗೆ ಚೈತನ್ಯ ಮರಳಬಹುದು; ಆಗ ಸಾಯುವ ಯೋಚನೆ ಕೃತಿಗಿಳಿಯುವ ಅಪಾಯವಿದೆ. ಇಪ್ಪತ್ತೈದು ದಾಟದ ಎಳೆಯರಲ್ಲಿ ಈ ಅವಧಿಗೆ ಇನ್ನೂ ಹೆಚ್ಚಿನ ನಿಗಾ ಬೇಕು. ಆ ವಾರಗಳಲ್ಲಿ ರೋಗಿಯನ್ನು, ವಯಸ್ಸು ಎಷ್ಟೇ ಇರಲಿ, ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನೂ ವಿಷದ ವಸ್ತುಗಳನ್ನೂ ಬೀಗದೊಳಗಿಡಿ, ಒಂದೊಂದು ದಿನದ ಮಾತ್ರೆಯನ್ನು ನೀವೇ ಎಣಿಸಿ ಕೊಡಿ. ನಮಸ್ಕಾರ.